ಕಾಗೆ ಮುಟ್ಟದ ಕೇಕು

ಊರ ತುಂಬ ಐಟಿ ಕಂಪನಿಗಳು ಏಳುತ್ತಿದ್ದ ಕಾಲ. ಅವುಗಳ ಕ್ಯಾಂಟೀನಿಗೆ ಕೇಕು ಕಳಿಸುವ ನಾಚಾರಂ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗೆ ಆಹಾರ ಸುರಕ್ಷತೆಯ ತಪಾಸಣೆಗೆಂದು ಹೋಗಿದ್ದೆ. ಹಿಟ್ಟು ಕಲೆಸುವ ಕಲಬುರಗಿಯ ಶರಣಮ್ಮ ಕಿಟಕಿಕಟ್ಟೆ ತೋರಿಸಿದರು. ತೀರಿಕೊಂಡ ಗಂಡನ ಹೆಸರಲ್ಲಿ ಅವರು ಎಡೆಯಿಟ್ಟ ಕೇಕು ಅಲ್ಲಿತ್ತು.

"ಮೂರು ದಿನ ಆತ್ರಿ ಸರ. ಕಾಗಿ ಬರತೈತಿ, ನೋಡತೈತಿ, ಮುಟ್ಟವಲ್ದು. ಇದರಾಗ ಏನ್ ಹಾಕ್ತಾರ್ರಿ?"

ಆ ಕೇಕನ್ನು ಬೆರಳಿನಿಂದ ಒತ್ತಿ ಬಿಟ್ಟೆ. ಉಸಿರೆಳೆದುಕೊಂಡಂತೆ ಮೆಲ್ಲಗೆ ಮತ್ತೆ ಉಬ್ಬಿತು.

"ಎಮಲ್ಸಿಫೈಯರ್ ಅಮ್ಮ. ಎಣ್ಣೆ, ನೀರು ಬೇರೆಯಾಗದಂತೆ ಹಿಡಿಯುತ್ತೆ, ಕೇಕು ಮೆತ್ತಗಿರುತ್ತೆ. ಮಿತಿಯಲ್ಲಿ ಹಾಕಿದರೆ ಭಯವಿಲ್ಲ."

"ಹಂಗಾರ ತಿನ್ರಿ," ಎಂದು ಟ್ರೇಯಿಂದ ಹೊಸದೊಂದು ಕೊಟ್ಟರು.

ಭಯವಿಲ್ಲವೆಂದು ಸಹಿ ಹಾಕುವವನೇ ನಾನು, ತಿಂದೆ.

ಅಷ್ಟರಲ್ಲಿ ಕಾಗೆ ಬಂತು. ಕೇಕಿನತ್ತ ತಿರುಗಲೇ ಇಲ್ಲ. ಎಡೆ ನೋಡುವ ಹಾಗೆ ನನ್ನನ್ನೇ ನೋಡುತ್ತ ಕೂತಿತು.