ಐದು ಅಕ್ಷರ ಅಳಿಸಿದ ಭಾನುವಾರ

ಕಳೆದ ಭಾನುವಾರ ನಾನು ಒಬ್ಬ ರಿಟೈರ್ಡ್ ಕನ್ನಡ ಮೇಷ್ಟ್ರ ಜೊತೆ ವಿಭಕ್ತಿ ಪ್ರತ್ಯಯದ ಮೇಲೆ ಜಗಳ ಆಡಿದೆ. ಗೆದ್ದೆ ಕೂಡ.

ನಗಬೇಡಿ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಪೇಂಟ್ ಡಬ್ಬ ಹಿಡಿದವನು ಅನ್ನೋದು ನಿಜ. ಮೂವತ್ತೈದು ವರ್ಷದಿಂದ ಮಂಡ್ಯದಲ್ಲಿ ಬೋರ್ಡು ಬರೀತಿದ್ದೀನಿ. ಫ್ಲೆಕ್ಸ್ ಬಂದಾಗ ನನ್ನ ಜೊತೆಯವರು ಅರ್ಧಕ್ಕರ್ಧ ಬ್ರಷ್ ಎಸೆದರು. ನಾನು ಎಸೆಯಲಿಲ್ಲ. ಫ್ಲೆಕ್ಸ್ ಎರಡು ಬೇಸಿಗೆಗೆ ಬೆಳ್ಳಗಾಗುತ್ತೆ, ನನ್ನ ಅಕ್ಷರ ಅಲುಗಾಡಲ್ಲ. (ನಮ್ಮ ಗುತ್ತಲು ಬಡಾವಣೆಯ ಹಿಟ್ಟಿನ ಗಿರಣಿ ಬೋರ್ಡು ನೋಡಿ. ಗಿರಣಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಬೋರ್ಡು ಇನ್ನೂ ಜನರನ್ನ ಕರೀತಾನೇ ಇದೆ.)

ಇರಲಿ. ಜಗಳ ಶುರುವಾಗಿದ್ದು ನಮ್ಮ ಚಿಕ್ಕವ್ವನಿಂದ.

ಚಿಕ್ಕವ್ವ ಅಂದ್ರೆ ನನ್ನ ಚಿಕ್ಕಪ್ಪನ ಹೆಂಡತಿ ನಿಂಗಮ್ಮ. ಎಪ್ಪತ್ತು ದಾಟಿದೆ, ನಮ್ಮನೆಯಲ್ಲೇ ಇದ್ದಾಳೆ. ಚಿಕ್ಕಪ್ಪ ಈಗಿಲ್ಲ. ವಯಸ್ಸಿನಲ್ಲಿ ಇಬ್ಬರೂ ಮಳವಳ್ಳಿ ಕಡೆಯ ಒಂದು ಹಳ್ಳಿಯ ದೊಡ್ಡಮನೇಲಿ ಜೀತಕ್ಕಿದ್ದವರು. (ಹಳ್ಳಿ ಹೆಸರು ಬರೆಯಲ್ಲ. ನಾಳೆ ಆ ಊರಲ್ಲಿ ನಾನು ಟೀ ಕುಡೀಬೇಕು.) ಚಿಕ್ಕಪ್ಪ ಆರು ಕಟ್ಟಿ ಹೊಲ ಉಳೋದು, ಚಿಕ್ಕವ್ವ ಕೊಟ್ಟಿಗೆ ಬಾಚೋದು. ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಯುಗಾದಿಗೆ ದೊಡ್ಡಮನೆಯವರು ಒಂದು ಕಂಬಳಿ ಕೊಡೋರು. ಅದನ್ನ ಹೆಗಲಿಗೆ ಹಾಕಿಕೊಂಡರೆ ಮುಗೀತು, ಇನ್ನೊಂದು ವರ್ಷ ನೀನು ಆ ಮನೆಯ ಆಳು.

ಜೀತ ಇಟ್ಟುಕೊಳ್ಳೋದು ಅಪರಾಧ ಅಂತ ಕಾನೂನು ಬಂತು. ಎಲ್ಲಿಗೆ ಬಂತು? ದೆಹಲಿಗೆ ಬಂತು, ಬೆಂಗಳೂರಿಗೆ ಬಂತು. ದೊಡ್ಡಮನೆ ಹೊಸಿಲಿಗೆ ಬರಲಿಲ್ಲ. ಯಾರೋ ಅದನ್ನ ಪೇಪರಲ್ಲಿ ಓದಿ ಹೇಳಿದ ಮೇಲೆ ಒಂದು ಬೆಳಗ್ಗೆ ಏಳು ಜನ ಆಳುಗಳು ಒಟ್ಟಿಗೆ ಹೋಗಿ, ಆ ಮನೆ ಮುಂದಿನ ಕಲ್ಲು ಜಗಲಿ ಮೇಲೆ ತಮ್ಮ ತಮ್ಮ ಕಂಬಳಿ ಹಾಕಿ, ತಿರುಗಿ ನೋಡದೆ ಮಂಡ್ಯದ ದಾರಿ ಹಿಡಿದರು. ಆ ಏಳು ಜನರಲ್ಲಿ ಈಗ ಉಳಿದಿರೋದು ಚಿಕ್ಕವ್ವ ಒಬ್ಬಳೇ.

ಈಗ ಆ ಜಗಲಿ ನೋಡೋ ಜಾಗ ಆಗಿದೆ. ಊರವರು ಸುತ್ತ ಗ್ರಿಲ್ ಹಾಕಿಸಿ, ಬೋರ್ಡು ನಿಲ್ಲಿಸಿದ್ದಾರೆ. ಸ್ಕೂಲು ಮಕ್ಕಳನ್ನ ಕರ್ಕೊಂಡು ಹೋಗ್ತಾರಂತೆ. ಸುದ್ದಿ ಕೇಳಿದ ದಿನದಿಂದ ಚಿಕ್ಕವ್ವನದು ಒಂದೇ ಮಾತು.

‘ಲೇ ಮಾದೇವ, ಆ ಜಗ್ಲಿ ಮ್ಯಾಲೆ ಒಂದ್ಸಲ ಕುಂತ್ಕಬೇಕು ಕಣ್ಲಾ. ದಿನಾ ಗುಡ್ಸಿವ್ನಿ, ಸಾರ್ಸಿವ್ನಿ. ಒಂದ್ ದಿನಾನೂ ಕುಂತಿಲ್ಲ.’

ಇಷ್ಟು ಕೇಳಿದ ಮೇಲೆ ಯಾವ ಗಂಡಸು ಸುಮ್ಮನಿರ್ತಾನೆ? ಓಮ್ನಿ ಹೊರಡಿಸಿದೆ. ಹೆಂಡತಿ ಜಯಮ್ಮ ಟೂರಿನ ಲಿಸ್ಟೇ ಮಾಡಿದಳು. ಹನಕೆರೆ ದಾಟಿ ಮದ್ದೂರಲ್ಲಿ ವಡೆ. ಶಿವಪುರದ ಸತ್ಯಾಗ್ರಹ ಸೌಧ. ಆಮೇಲೆ ಕೊಕ್ಕರೆ ಬೆಳ್ಳೂರು. ಕೊಕ್ಕರೆ ಬೆಳ್ಳೂರಲ್ಲಿ ಒಂದೇ ಒಂದು ಕೊಕ್ಕರೆ ಇರಲಿಲ್ಲ. ಮಳೆಗಾಲದಲ್ಲಿ ಅವು ಎಲ್ಲಿರ್ತವೆ? ‘ಅವಕ್ಕೂ ರಜಾ ಇರತ್ತೆ ಬಿಡಿ’ ಅಂದಳು ಜಯಮ್ಮ. ಚಿಕ್ಕವ್ವ ಮಾತ್ರ ಗಾಡಿಯಿಂದ ಇಳಿಯಲೇ ಇಲ್ಲ. ಅವಳ ಟೂರಿನಲ್ಲಿ ಇದ್ದಿದ್ದು ಒಂದೇ ಜಾಗ.

ಮಧ್ಯಾಹ್ನ ಹನ್ನೆರಡಕ್ಕೆ ಹಳ್ಳಿ ಮುಟ್ಟಿದೆವು. ಅವಳು ಹೊಸ ಸೀರೆ ಸೆರಗು ಸರಿ ಮಾಡಿಕೊಂಡು ಇಳಿದಳು. ನಾನು ಅವಳ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬೋರ್ಡ್ ಬರೆಯೋನ ಬುದ್ಧಿ ನೋಡಿ, ಸೀದಾ ಹೋಗಿ ಬೋರ್ಡಿನ ಮುಂದೆ ನಿಂತೆ. ಹಳದಿ ತಗಡು, ಕಪ್ಪು ಅಕ್ಷರ. ಒತ್ತಕ್ಷರ ಅಂದ್ರೆ ಹಿಂಗಿರಬೇಕು ಅನ್ನೋ ಹಂಗಿತ್ತು. ‘ಯಾರೋ ಕೈ ಪಳಗಿದೋನು ಬರೆದವನೆ ಚಿಕ್ಕವ್ವ, ಮುತ್ತು ಪೋಣಿಸಿದಂಗೈತೆ’ ಅಂದೆ.

‘ಮುತ್ತು ಅತ್ಲಾಗಿಕ್ಕು. ಏನ್ ಬರ್ದವ್ರೆ ಓದ್ಲಾ.’

ಓದಿದೆ. ‘ಜೀತದಾಳುಗಳನ್ನು ಬಿಟ್ಟ ಜಗಲಿ.’

ಜಗಲಿ ಕಡೆ ಎತ್ತಿದ್ದ ಕಾಲನ್ನ ಅವಳು ಹಿಂದಕ್ಕಿಟ್ಟಳು.

‘ಬುಟ್ಟ ಅಂದ್ರೆ? ಯಾರ್ಲಾ ಬುಟ್ಟೋರು? ದನಾನ ಮೇಯಕ್ ಬುಡ್ತಾರೆ, ಕೋಳೀನ ತಿಪ್ಪೆಗ್ ಬುಡ್ತಾರೆ. ನಮ್ಮುನ್ನ ಯಾವನೂ ಬುಡ್ನಿಲ್ಲ, ನಾವ್ ಜೀತ ಬುಟ್ಟೊ ಕಣ್ಲಾ! ಈ ಬೋಲ್ಡು ಇರಗಂಟ ನಾ ಇಲ್ಲಿ ಕುಂತ್ಕಳಕಿಲ್ಲ. ನಡಿ ಓಗವ.’

ನನಗೆ ಕಪಾಳಕ್ಕೆ ಹೊಡೆದಂಗಾಯ್ತು. ಮೂವತ್ತೈದು ವರ್ಷ ಅಕ್ಷರದ ಜೊತೆ ಬದುಕಿದವನು ನಾನು, ಅಕ್ಷರ ಮಾತ್ರ ನೋಡಿದೆ. ಓದೋಕೆ ಬಾರದ ಅವಳು ಮಾತು ಹಿಡಿದಳು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಮೇಷ್ಟ್ರು ಬಂದರು. ಬೋರ್ಡಿನ ಸಾಲು ಬರೆದುಕೊಟ್ಟವರು ಇವರೇ. ಒಳ್ಳೆ ಮನುಷ್ಯರು, ಈ ಜಾಗ ಉಳೀಬೇಕು ಅಂತ ಪಂಚಾಯ್ತಿಗೆ ಅಲೆದು ಚಪ್ಪಲಿ ಸವೆಸಿದವರು. ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

‘ನೋಡಿ, ವ್ಯಾಕರಣ ಸರಿಯಾಗೇ ಇದೆ.’

‘ವ್ಯಾಕರಣ ಸರಿ ಇದೆ ಸಾರ್, ನಡೆದಿದ್ದನ್ನ ಹೇಳಿರೋದು ತಪ್ಪಾಗಿದೆ. “ಅನ್ನು” ಅನ್ನೋದು ಯಾವ ವಿಭಕ್ತಿ?’ (ನಾನು ಸ್ಕೂಲು ಬಿಡೋ ಹೊತ್ತಿಗೆ ಇದೇ ಪಾಠ ನಡೀತಿತ್ತು. ಏಟು ತಿಂದು ಕಲಿತಿದ್ದು ಮರೆಯಲ್ಲ.)

‘ದ್ವಿತೀಯಾ. ಕರ್ಮ.’

‘ಕರ್ಮ ಅಂದ್ರೆ?’

‘ಯಾರ ಮೇಲೆ ಕೆಲಸ ನಡೆಯುತ್ತೋ ಅವರು.’

‘ಹಂಗಾದ್ರೆ ಅವತ್ತು ಕೆಲಸ ಮಾಡಿದೋರು ಯಾರು ಸಾರ್? ದೊಡ್ಡಮನೆಯವರಾ, ಇವಳಾ?’

ಚಿಕ್ಕವ್ವನಿಗೆ ದ್ವಿತೀಯಾ ಗೊತ್ತಿಲ್ಲ, ಕರ್ಮ ಗೊತ್ತು. ‘ನಮ್ ಕರ್ಮನ ಅವತ್ತೇ ಈ ಕಲ್ ಮ್ಯಾಲೆ ಬುಟ್ ಬಂದೊ ಕಣಪ್ಪ. ನೀ ಯಾಕ್ ತಿರ್ಗ ಬೋಲ್ಡಿಗ್ ಅಂಟಿಸ್ದೆ?’ ಅಂದಳು.

ಮೇಷ್ಟ್ರು ನಕ್ಕುಬಿಟ್ಟರು. ಆದರೂ ಸೋಲಲಿಲ್ಲ. ದೊಡ್ಡಮನೆಯವರು ತಾವಾಗೇ ಬಿಟ್ಟರು ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ, ಇವರೊಬ್ಬರ ಮಾತಿನ ಮೇಲೆ ಪಂಚಾಯ್ತಿ ಬೋರ್ಡು ತಿದ್ದೋದು ಹೆಂಗೆ, ಸಾಕ್ಷಿ ಬೇಡವಾ ಅಂದರು. ನ್ಯಾಯವೇ. ಐವತ್ತು ವರ್ಷದ ಹಿಂದಿನದಕ್ಕೆ ಸಾಕ್ಷಿ ಎಲ್ಲಿಂದ ತರೋದು?

ಸಾಕ್ಷಿ ದೊಡ್ಡಮನೆ ಒಳಗಿಂದಲೇ ಬಂತು. ನಮ್ಮ ಗಲಾಟೆ ಕೇಳಿ ಆ ಮನೆಯ ಈಗಿನ ಯಜಮಾನರು ಟವೆಲ್ಲು ಕೊಡವಿಕೊಂಡು ಹೊರಗೆ ಬಂದರು. ಆಗಿನ ಯಜಮಾನರ ಮಗ. ಅವರಿಗೂ ಚಿಕ್ಕವ್ವನದೇ ವಯಸ್ಸು. ಒಂದು ನಿಮಿಷ ಅವಳನ್ನೇ ನೋಡಿದರು.

‘ನಿಂಗಿ ಅಲ್ವಾ ನೀನು?’

‘ನಿಂಗಮ್ಮ’ ಅಂದಳು ಚಿಕ್ಕವ್ವ. ‘ಏನಪ್ಪಾ, ಚೆಂದಾಗಿದ್ದೀಯಾ?’

ಆ ಕಾಲದಲ್ಲಿ ಇದೇ ಮನುಷ್ಯನಿಗೆ ಅವಳು ‘ಬುದ್ದಿ’ ಅನ್ನದೆ ಮಾತು ಆಡೋ ಹಂಗಿರಲಿಲ್ಲ. ಈಗ ‘ಏನಪ್ಪಾ’. ನನ್ನ ಎದೆ ಎರಡಿಂಚು ಉಬ್ಬಿತು. ಯಜಮಾನರ ಹುಬ್ಬು ಒಂದ್ಸಲ ಮೇಲಕ್ಕೆ ಹೋಗಿ ಇಳೀತು.

‘ಚೆನ್ನಾಗಿವ್ನಿ ಕಣಮ್ಮ’ ಅಂದರು.

ಮೇಷ್ಟ್ರು ಕೇಳಿದರು. ‘ನಿಜ ಹೇಳಿ ಯಜಮಾನ್ರೇ, ನಿಮ್ಮ ತಂದೆಯವರು ಅವತ್ತು ಇವರನ್ನ ತಾವಾಗೇ ಬಿಟ್ಟರಾ?’

ಊರ ಜನ ಹತ್ತು ಹದಿನೈದು ಸೇರಿದ್ದರು. ಹೌದು ಅಂದಿದ್ದರೆ ಮನೆಗೆ ಮರ್ಯಾದೆ. ಯಾರೂ ಎದುರು ಮಾತಾಡ್ತಿರಲಿಲ್ಲ. ಯಜಮಾನರು ಜಗಲಿ ನೋಡಿದರು, ಚಿಕ್ಕವ್ವನನ್ನ ನೋಡಿದರು.

‘ಎಲ್ ಬುಟ್ನಯ್ಯಾ ನಮ್ಮಪ್ಪ? ಮೂರು ದಿನ ಕೂಗಾಡ್ದ. ಬಂದು ಕಂಬ್ಳಿ ಎತ್ಕಳ್ರಲೇ ಅಂತ ಮಂಡ್ಯಗಂಟ ಆಳ್ ಕಳಿಸ್ದ. ಯಾರೂ ಬರ್ನಿಲ್ಲ. ಆ ವರ್ಸವೆಲ್ಲ ನಮ್ಮವ್ವನೇ ಸಗಣಿ ಬಾಚುದ್ಲು. ನಾ ಆರು ಕಟ್ಟಕ್ ಕಲ್ತಿದ್ದೇ ಆಗ.’

ಜನ ಗೊಳ್ಳಂತ ನಕ್ಕರು. ಯಜಮಾನರೂ ನಕ್ಕರು. ದೊಡ್ಡ ಮನಸ್ಸು ಅಂದ್ರೆ ನನ್ನ ಲೆಕ್ಕದಲ್ಲಿ ಇದು. ಅಪ್ಪನಿಗೆ ಇಲ್ಲದ ಹಿರಿಮೆ ತೊಡಿಸೋದು ಸುಲಭ, ಬೀದಿಯಲ್ಲಿ ನಿಂತು ನಿಜ ಹೇಳೋದು ಕಷ್ಟ.

ಮೇಷ್ಟ್ರು ಅಲ್ಲೇ ನಿಂತು ಪಂಚಾಯ್ತಿ ಅಧ್ಯಕ್ಷರಿಗೆ ಫೋನ್ ಮಾಡಿ ವಿಷಯ ಹೇಳಿದರು. ಆ ಕಡೆಯಿಂದ ಹೆಣ್ಣು ದನಿ, ಸ್ಪೀಕರಲ್ಲಿ ಎಲ್ಲರಿಗೂ ಕೇಳಿಸಿತು. ‘ಆ ಅಜ್ಜಿ ಇನ್ನೂ ಅವ್ರಾ? ಅವ್ರು ಹೆಂಗೆ ಹೇಳ್ತಾರೋ ಹಂಗೆ ಬರೆಸಿ ಮೇಷ್ಟ್ರೇ. ಬರೆಯೋರು ಯಾರು?’

ಬರೆಯೋರು ಯಾರು! ಓಮ್ನಿ ಡಿಕ್ಕಿ ತೆಗೆದೆ. ನನ್ನ ಗಾಡಿಯಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ಪೇಂಟು, ಬ್ರಷ್ಷು, ತಿನ್ನರ್ ಇರ್ತವೆ.

ಹೊಸದಾಗಿ ಬರೆಯೋ ಕೆಲಸವೇ ಇರಲಿಲ್ಲ. ‘ಜೀತದಾಳುಗಳನ್ನು’ ಅನ್ನೋದರಲ್ಲಿ ದಾ, ಳು, ಗ, ಳ, ನ್ನು. ಐದೇ ಅಕ್ಷರ. ಅದರ ಮೇಲೆ ಹಳದಿ ಹೊಡೆದರೆ ಉಳಿಯೋದು ‘ಜೀತ ಬಿಟ್ಟ ಜಗಲಿ’. ಮೇಷ್ಟ್ರು ತಾವೇ ಏಣಿ ತಂದು, ತಾವೇ ಹಿಡಿದು ನಿಂತರು. ‘ಸರ್ವಿಸಲ್ಲಿ ಎಷ್ಟೋ ಮಕ್ಕಳ ತಪ್ಪು ತಿದ್ದಿದ್ದೀನಿ ಮಾದೇವಪ್ಪ’ ಅಂದರು ಕೆಳಗಿಂದ, ‘ನಂದನ್ನ ತಿದ್ದೋರು ಇವತ್ತು ಸಿಕ್ಕಿದ್ರು.’

ಒಂದೇ ತೊಡಕು. ಐದು ಅಕ್ಷರ ಹೋದ ಜಾಗ ನಡುವೆ ಬಿದ್ದ ಹಲ್ಲಿನ ಸಂದಿ ಥರ ಖಾಲಿ ಕಾಣ್ತಿತ್ತು. ಕಸುಬಿನವನಿಗೆ ಅದು ಅವಮಾನ. ಅಲ್ಲೊಂದು ಕರೀ ಕಂಬಳಿ ಬರೆದೆ. ನಾಲ್ಕು ಮಡಿಕೆ, ಕೆಂಪು ಅಂಚು, ಅಂಗಡಿಯಲ್ಲಿ ಜೋಡಿಸಿಟ್ಟ ಹಂಗೆ. ನನಗೇ ಖುಷಿಯಾಯ್ತು.

ಚಿಕ್ಕವ್ವ ಕತ್ತೆತ್ತಿ ನೋಡಿದಳು.

‘ಲೇ, ಮಡಿಸಿ ಇಕ್ಕುದ್ಕೆ ನಾವೇನ್ ಸೀರೆ ಕೊಡಕ್ ಬಂದಿದ್ದೊವಾ? ಎಸ್ದೊ ಕಣ್ಲಾ, ಎಸ್ದೊ!’

ಒರೆಸಿ ಮತ್ತೆ ಬರೆದೆ. ಈ ಸಲ ಮುದುರಿ, ಒಂದು ತುದಿ ಜಗಲಿಯಿಂದ ಕೆಳಕ್ಕೆ ಜಾರಿದ ಕಂಬಳಿ. ‘ಊಂ, ಅಂಗೆ’ ಅಂದಳು.

ಆಮೇಲೆ ಗ್ರಿಲ್ಲಿನ ಗೇಟು ದಾಟಿ, ಜಯಮ್ಮನ ಹೆಗಲು ಹಿಡಿದು ಹತ್ತಿ ಕೂತಳು. ಜಗಲಿ ನಡೂಮಧ್ಯ, ಕಾಲು ಚಾಚಿ, ಕಂಬಕ್ಕೆ ಬೆನ್ನು ಕೊಟ್ಟು. ಎಲೆ ಅಡಿಕೆ ಚೀಲ ಬಿಚ್ಚಿದಳು. ಫೋಟೊ ತೆಗೆಯುವಾಗ ಮೇಷ್ಟ್ರನ್ನೂ ಯಜಮಾನರನ್ನೂ ‘ಬನ್ರಪ್ಪ, ಜಾಗ ಅದೆ, ಕುಂತ್ಕಳಿ’ ಅಂತ ಕರೆದಳು, ತನ್ನ ಮನೆ ಜಗಲಿಗೆ ಕರೆಯೋ ಹಂಗೆ. ಇಬ್ಬರೂ ಬಂದು ಆ ಪಕ್ಕ ಈ ಪಕ್ಕ ಕೂತರು.

ಅಲ್ಲಿಂದ ಗಗನಚುಕ್ಕಿಗೆ ಹೋದೆವು. ನದಿ ತುಂಬಿ ಜಲಪಾತ ಭೋರ್ಗರೀತಿತ್ತು, ಎಲ್ಲರೂ ಸೆಲ್ಫಿಯಲ್ಲಿದ್ದರು. ಚಿಕ್ಕವ್ವ ಎರಡು ನಿಮಿಷ ನೋಡಿ, ‘ಚೆಂದಾಗದೆ, ಆದ್ರೆ ಕುಂತ್ಕಳಕ್ ಆ ಜಗ್ಲಿನೇ ಸರಿ’ ಅಂದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಬೋರ್ಡುಗಳನ್ನೇ ಓದ್ತಾ ಬಂದೆ. ಇಂಥವರು ಕೊಟ್ಟರು, ಇಂಥವರು ದಯಪಾಲಿಸಿದರು, ಇಂಥವರ ಉದಾರತೆಯಿಂದ ಆಯಿತು. ಅಕ್ಷರ ಎಲ್ಲಾ ದುಂಡಗೇ ಇದ್ದವು. ಅದರಲ್ಲಿ ಎಷ್ಟೋ ನಾನೇ ಬರೆದದ್ದು.

ನಿಮ್ಮೂರಲ್ಲೂ ಅಂಥ ಬೋರ್ಡು ಇದ್ದರೆ ಅಲ್ಲಿನ ಹಳಬರನ್ನ ಒಂದು ಮಾತು ಕೇಳಿ: ಅವರು ಕೊಟ್ಟಿದ್ದಾ, ಇವರು ಕಿತ್ಕೊಂಡಿದ್ದಾ?