ಅಳಿಸಲಾಗದ ದ್ರಾಕ್ಷಿ

ಓಝರ್ ಹತ್ತಿರದ ದ್ರಾಕ್ಷಿ ಪ್ಯಾಕ್‌ಹೌಸಿನಲ್ಲಿ ಅಂದು ನನ್ನ ಕೆಲಸ ಇಷ್ಟೇ: ಯಾವ ತೋಟದ ದ್ರಾಕ್ಷಿ, ಯಾವಾಗ ಕಟಾವಾಯಿತು ಎಂಬುದಕ್ಕೆ ನಮ್ಮ ಕಂಪನಿಯ ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿನಿಂದ ಸಹಿ ಹಾಕಿ ಬ್ಲಾಕ್‌ಚೈನಿಗೆ ಕಳಿಸುವುದು. ಪ್ಯಾಕ್‌ಹೌಸ್ ನಡೆಸುವ ಅಥಣಿಯ ಸುಮಿತ್ರಕ್ಕ ಪಕ್ಕದಲ್ಲೇ ಕುಳಿತಿದ್ದರು. ಒಮ್ಮೆ ಬರೆದರೆ ಯಾರಪ್ಪನ ಕೈಲೂ ಅಳಿಸಲಿಕ್ಕಾಗದು ಎಂದು ಬೆಳಿಗ್ಗೆ ಚಹಾ ಕುಡಿಯುತ್ತ ಅವರಿಗೆ ಕೊಚ್ಚಿಕೊಂಡಿದ್ದೆ.

ಸಹಿ ಆಯಿತು, ಕಳಿಸಿಯೂ ಆಯಿತು. ದಾಖಲೆ ಮಾತ್ರ ಬ್ಲಾಕ್‌ಚೈನಿನಲ್ಲಿ ಕೂರಲೊಲ್ಲದು. ಹೊರಗೆ ಕಂಟೇನರ್ ಲಾರಿ ಇಂಜಿನ್ ಆರಿಸದೆ ಕಾಯುತ್ತಿತ್ತು.

"ಹೋತೇನ್ರೀ?"

"ಹೋಗೇದ್ರಿ ಅಕ್ಕಾ, ಇನ್ನೂ ಮುಟ್ಟಿಲ್ಲ."

"ಹಂಗಾರ ಮತ್ತೊಮ್ಮೆ ಕಳಸ್ರಲ್ಲಾ."

ಕಳಿಸಿದೆ. ಮುಟ್ಟಲಿಲ್ಲ. ತಲೆಕೆಟ್ಟು ಕಳಿಸುತ್ತಲೇ ಹೋದೆ. ಊಟ ಬಿಟ್ಟು ಹುಡುಕಿದ ಮೇಲೆ ತಿಳಿಯಿತು: ಬ್ಲಾಕ್‌ಚೈನಿನಲ್ಲಿ ಬರೆಸಲು ಪ್ರತಿ ದಾಖಲೆಗೂ ಶುಲ್ಕ ಕಟ್ಟಬೇಕು, ಮೊದಲನೆಯದಕ್ಕೆ ನಾನಿಟ್ಟದ್ದು ತೀರಾ ಕಡಿಮೆ. ಅದು ಕದಲದೆ ಅದರ ಹಿಂದೆ ಸಾಲಾಗಿ ನಿಂತವು ಕದಲುವಂತಿಲ್ಲ. ಅದರ ಶುಲ್ಕ ಏರಿಸಿದ್ದೇ ತಡ, ಹಿಂದೆ ನಿಂತಿದ್ದವೆಲ್ಲ ಒಂದರ ಮೇಲೊಂದು ನುಗ್ಗಿದವು.

ಅಕ್ಕ ದಾಖಲೆ ತೋರಿಸಲೆಂದು ಪೆಟ್ಟಿಗೆಗೆ ಅಂಟಿಸಿದ್ದ ಸ್ಟಿಕ್ಕರನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರು. ಒಂದೇ ದ್ರಾಕ್ಷಿ ಮತ್ತೆ ಮತ್ತೆ ಕಟಾವಾದಂತೆ ಸಾಲುಸಾಲಾಗಿ ಬಂತು.

"ಅರೆ ದೇವಾ! ಮಾಲ್ ತಗೊಳ್ಳಾವ್ರು ನಮ್ಮನ್ನ ಕಳ್ಳರು ಅಂತಾರ. ಅಳಸ್ರಿ ಅದನ್ನ."

ಹೇಳಿ ಮುಗಿಸುವಷ್ಟರಲ್ಲೇ ಬೆಳಗಿನ ಚಹಾ ಅವರಿಗೆ ನೆನಪಾದದ್ದು ಮುಖದಲ್ಲೇ ಕಂಡಿತು.

"ನಿಮ್ಮ ಕೈಲೂ ಆಗೂದಿಲ್ಲೇನ್ರೀ?"

"ಇಲ್ರಿ ಅಕ್ಕಾ."

ಸ್ಟಿಕ್ಕರ್‌ಗಳನ್ನೆಲ್ಲ ಕಿತ್ತ ಮೇಲೆ ಕಂಟೇನರ್ ಹೊರಟಿತು. ಅಕ್ಕ ನಮ್ಮ ಕಂಪನಿಯ ಕೆಲಸವನ್ನೂ ಅಂದೇ ಬಿಡಿಸಿದರು. ಆ ದ್ರಾಕ್ಷಿ ಎಂದೋ ಯಾರದೋ ಹೊಟ್ಟೆ ಸೇರಿರಬೇಕು. ನನ್ನ ದಾಖಲೆ ಮಾತ್ರ ಇವತ್ತಿಗೂ ತಾಜಾ ಇದೆ, ಕೋಲ್ಡ್ ಸ್ಟೋರೇಜಿನ ಹಂಗೂ ಇಲ್ಲದೆ.