ನಾನು ಹಾಕಿದ ಡಾಂಬರು

ಮುಂಬೈಗೆ ದುಡಿಯಲು ಹೋದ ಅಥಣಿ, ರಾಯಬಾಗದ ಮಂದಿಗೆಂದೇ ಆಗ ಅಲ್ಲೊಂದು ಕನ್ನಡ ವಾರಪತ್ರಿಕೆ ಇತ್ತು. ಊರುಗಳಿಂದ ಬಂದ ಕಾಗದ ನೋಡಿ, ಕುಂತಲ್ಲೇ ‘ಊರ ಸುದ್ದಿ’ ಬರೆಯುತ್ತಿದ್ದ ಮಹಾನುಭಾವ ನಾನೇ.

ಒಮ್ಮೆ ಅಥಣಿ ಕಡೆಯ ಒಂದು ಹಳ್ಳಿಗೆ ಹೋದೆ. ಡಾಂಬರಾಯಿತೆಂದು ನಾನು ಬರೆದಿದ್ದ ರಸ್ತೆಯಲ್ಲಿ ಕಬ್ಬಿನ ಗದ್ದೆಯ ನೀರು ಹರಿದು ಮೊಣಕಾಲವರೆಗೆ ಕೆಸರು. ಸುದ್ದಿ ಕಳಿಸಿದ್ದ ಪಂಚಾಯಿತಿ ಚೇರ್ಮನ್ನರನ್ನೇ ಕೇಳಿದೆ.

“ಹಂಗ ಬರೀದಿದ್ರ ಮುಂಬೈದವರು ನಮ್ಮೂರಿಗೆ ಹೆಣ್ಣು ಕೊಡ್ತಾರೇನ್ರಿ? ನನ್ನ ಮಗಂದೂ ಮಾತುಕತಿ ನಡದೈತಿ. ಮುಂದಿನ ವಾರ ಮನಿಮನಿಗೆ ನೀರಿನ ನಳ ಬಂದಾವಂತ ಹಾಕ್ರಿ.”

ಹಾಕಿದೆ. ಸಂಬಂಧ ಕೂಡಿತು. ಮದುವೆಗೆ ನನ್ನನ್ನೂ ಕರೆದರು.

ಬೀಗರ ಬಸ್ಸು ಕೆಸರಲ್ಲಿ ಹೂತಿತು. ಹುಡುಗಿಯ ಅಪ್ಪ ನಮ್ಮ ಕಾಯಂ ಚಂದಾದಾರ. ಚಪ್ಪಲಿ ಕೈಯಲ್ಲಿ ಹಿಡಿದು, ನಾನು ಹಾಕಿದ ಡಾಂಬರಿನ ಮೇಲೆ ನಡೆದೇ ಬಂದು, ನೇರ ನನ್ನೆದುರಿಗೆ ನಿಂತರು.

“ಕಾಲ ತೊಳ್ಕೋಬೇಕ್ರಿ. ನಳ ಎಲ್ಲಿ ಹಾಕೀರಿ?”